ಡಾರ್ಡ್: ಯಾರೂ ಆಡದ ಒಂದು ಇಂಗ್ಲಿಷ್ ಪದದ ಹುಟ್ಟು – ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಪದಗಳ ಮೂಲ ಹುಡುಕುವ ಹುಚ್ಚು ಇರುವವರಿಗೆ ‘ಡಾರ್ಡ್’ ಹೊಸದೇನಲ್ಲ. ಮೊದಲ ಸಲ ಕೇಳುವವರಿಗೆ ಮಾತ್ರ ನಂಬಲು ಸ್ವಲ್ಪ ಕಷ್ಟ. ಲ್ಯಾಟಿನ್, ಗ್ರೀಕ್, ಹಳೆ ಫ್ರೆಂಚ್ ಎಲ್ಲ ಜಾಲಾಡಿದರೂ ಇದರ ಬೇರು ಸಿಗುವುದಿಲ್ಲ. ಸಿಗುವುದು ಅಮೆರಿಕದ ಒಂದು ಆಫೀಸಿನ ಚೀಟಿಯಲ್ಲಿ.

‘ಡಾರ್ಡ್’ ಅಂದರೆ ಏನು?

1934ರಲ್ಲಿ ಬಂದ ವೆಬ್‌ಸ್ಟರ್ಸ್ ನ್ಯೂ ಇಂಟರ್‌ನ್ಯಾಷನಲ್ ಡಿಕ್ಷನರಿಯ ಎರಡನೇ ಆವೃತ್ತಿ, 771ನೇ ಪುಟ. ಅಲ್ಲಿ ‘ಡಾರ್ಕಾಪ್ಸಿಸ್’ ಎಂಬ ಪದವಿದೆ, ಅದು ಸಣ್ಣ ಜಾತಿಯ ಕಾಂಗರೂ. ಸ್ವಲ್ಪ ಕೆಳಗೆ ‘ಡೊರೆ’, ಅಂದರೆ ಚಿನ್ನದ ಬಣ್ಣದ್ದು. ಇವೆರಡರ ನಡುವೆ ಕೂತಿರುವುದೇ ‘ಡಾರ್ಡ್’. ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ: ಡಿ, ಓ, ಆರ್, ಡಿ. ನಾಮಪದ. ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಕ್ಕೆ ಸೇರಿದ್ದು. ಅರ್ಥ: ಸಾಂದ್ರತೆ. ಉಚ್ಚಾರಣೆಯನ್ನೂ ಕೊಟ್ಟಿದ್ದಾರೆ, ‘ಲಾರ್ಡ್’ ಜೊತೆ ಪ್ರಾಸ ಕೂಡುವ ಹಾಗೆ.

ನೋಡಲು ಎಲ್ಲ ಸರಿಯಾಗಿಯೇ ಇದೆ. ಆದರೆ ಸಾಂದ್ರತೆಗೆ ‘ಡಾರ್ಡ್’ ಎಂದು ಕರೆದ ವಿಜ್ಞಾನಿ ಒಬ್ಬನೂ ಇಲ್ಲ. ಆ ಪದ ಯಾವ ಪುಸ್ತಕದಲ್ಲೂ, ಯಾವ ಪ್ರಯೋಗಾಲಯದಲ್ಲೂ ಇರಲಿಲ್ಲ. ನಿಘಂಟಿನಲ್ಲಿ ಮಾತ್ರ ಇತ್ತು.

ಇಲ್ಲದ ಪದ ನಿಘಂಟಿಗೆ ಬಂದದ್ದಾದರೂ ಹೇಗೆ?

ಇದಕ್ಕೆ ಆಗಿನ ಕಾಲದಲ್ಲಿ ನಿಘಂಟು ಹೇಗೆ ತಯಾರಾಗುತ್ತಿತ್ತು ಅಂತ ಸ್ವಲ್ಪ ಗೊತ್ತಿರಬೇಕು. ಕಂಪ್ಯೂಟರ್ ಇರಲಿಲ್ಲ. ಎಲ್ಲ ಚೀಟಿಯ ಮೇಲೆಯೇ. ಒಂದು ಪದಕ್ಕೆ, ಒಂದು ಅರ್ಥಕ್ಕೆ, ಒಂದು ತಿದ್ದುಪಡಿಗೆ ಒಂದೊಂದು ಚೀಟಿ. ವೆಬ್‌ಸ್ಟರ್ ನಿಘಂಟನ್ನು ಹೊರತರುತ್ತಿದ್ದ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ಮೆರಿಯಮ್ ಕಂಪನಿಯಲ್ಲಿ ಇಂಥ ಚೀಟಿಗಳ ರಾಶಿಯೇ ಇತ್ತು. ಚೀಟಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿತ್ತು. ಒಬ್ಬರು ಅರ್ಥ ನೋಡುವರು, ಮತ್ತೊಬ್ಬರು ಉಚ್ಚಾರಣೆ, ಇನ್ನೊಬ್ಬರು ಪದಮೂಲ.

ಆ ನಿಘಂಟಿಗೆ ರಸಾಯನಶಾಸ್ತ್ರದ ಸಂಪಾದಕರಾಗಿದ್ದವರು ಆಸ್ಟಿನ್ ಎಂ. ಪ್ಯಾಟರ್ಸನ್. 1931ರ ಜುಲೈ 31ರಂದು ಅವರು ಒಂದು ಚೀಟಿ ಕಳಿಸಿದರು. ಅದರಲ್ಲಿ ಇದ್ದದ್ದು ಇಷ್ಟೇ: ಮೊದಲು ದೊಡ್ಡಕ್ಷರದ ಡಿ, ನಡುವೆ ‘ಅಥವಾ’ ಅನ್ನುವುದಕ್ಕೆ ಇಂಗ್ಲಿಷಿನ ‘ಆರ್’ ಎಂಬ ಪದ, ಆಮೇಲೆ ಸಣ್ಣಕ್ಷರದ ಡಿ. ಪಕ್ಕದಲ್ಲಿ ‘ಮುಂದುವರಿದಿದೆ’ ಅನ್ನುವುದರ ಸಂಕ್ಷೇಪ, ಆಮೇಲೆ ‘ಡೆನ್ಸಿಟಿ’. ಅವರು ಹೇಳಬೇಕಿದ್ದದ್ದು ಸರಳ. ಡಿ ಅಕ್ಷರ ಏನೇನಕ್ಕೆ ಸಂಕ್ಷೇಪವಾಗಿ ಬಳಕೆಯಲ್ಲಿದೆಯೋ ಆ ಪಟ್ಟಿಗೆ ಸಾಂದ್ರತೆಯನ್ನೂ ಸೇರಿಸಿ. ಅದನ್ನು ದೊಡ್ಡಕ್ಷರದಲ್ಲಾದರೂ ಬರೆಯಬಹುದು, ಸಣ್ಣಕ್ಷರದಲ್ಲಾದರೂ ಬರೆಯಬಹುದು.

ಎಡವಟ್ಟು ಶುರುವಾದದ್ದು ಇಲ್ಲಿಂದ. ಹಿಂದಿನ, ಅಂದರೆ 1909ರ ಆವೃತ್ತಿಯಲ್ಲಿ ಸಂಕ್ಷೇಪಗಳೂ ಮಾಮೂಲಿ ಪದಗಳ ಜೊತೆಗೇ ಅಕಾರಾದಿಯಲ್ಲಿ ಇದ್ದವು. ಹೊಸ ಆವೃತ್ತಿಗೆ ಅವನ್ನೆಲ್ಲ ಬೇರೆ ಮಾಡಿ ಕೊನೆಯಲ್ಲಿ ಒಂದು ಪ್ರತ್ಯೇಕ ಭಾಗಕ್ಕೆ ಹಾಕಲು ತೀರ್ಮಾನ ಆಯಿತು. ಹಾಗಾಗಿ ಚೀಟಿಗಳಲ್ಲಿ ಎರಡು ರಾಶಿ: ಒಂದು ಪದಗಳದ್ದು, ಇನ್ನೊಂದು ಸಂಕ್ಷೇಪಗಳದ್ದು. ಪ್ಯಾಟರ್ಸನ್ ಅವರ ಚೀಟಿ ಹೋಗಬೇಕಿದ್ದದ್ದು ಎರಡನೆಯದಕ್ಕೆ. ಹೋದದ್ದು ಮೊದಲನೆಯದಕ್ಕೆ.

ಇದರ ಜೊತೆಗೆ ಇನ್ನೊಂದು ರೂಢಿ ಕೂಡಿಕೊಂಡಿತು. ಪದಗಳ ಚೀಟಿಯಲ್ಲಿ ಮುಖ್ಯಪದವನ್ನು ಅಕ್ಷರ ಅಕ್ಷರಕ್ಕೂ ನಡುವೆ ಜಾಗ ಬಿಟ್ಟು ಟೈಪ್ ಮಾಡುತ್ತಿದ್ದರು. ಅಂದರೆ ಅಲ್ಲಿ ಕೂತವರ ಕಣ್ಣಿಗೆ ಜಾಗ ಕಂಡರೆ ಅದು ಲೆಕ್ಕಕ್ಕಿಲ್ಲ. ‘ಡಿ’, ಜಾಗ, ‘ಓ ಆರ್’, ಜಾಗ, ‘ಡಿ’ ಅಂತ ಕಂಡದ್ದನ್ನು ಅವರು ಜಾಗ ಮರೆತು ಒಟ್ಟಾಗಿ ಓದಿಕೊಂಡರು. ಅದು ‘ಡಾರ್ಡ್’ ಆಯಿತು. ಹೊಸ ಚೀಟಿ ತಯಾರಾಯಿತು. ಒಬ್ಬರು ‘ನಾಮಪದ’ ಅಂತ ಸೇರಿಸಿದರು, ಇನ್ನೊಬ್ಬರು ಉಚ್ಚಾರಣೆ ಹಾಕಿದರು. ಅಷ್ಟು ಹೊತ್ತಿಗೆ ಅದು ಬೇರೆ ಯಾವ ಪದಕ್ಕೂ ಕಡಿಮೆ ಇರಲಿಲ್ಲ.

ಅಷ್ಟು ಜನ ನೋಡಿದರೂ ಒಬ್ಬರಿಗೂ ಅನುಮಾನ ಬರಲಿಲ್ವಾ?

ಬರಲಿಲ್ಲ, ಮತ್ತು ಅದರಲ್ಲಿ ಆಶ್ಚರ್ಯವೂ ಇಲ್ಲ. ಆ ನಿಘಂಟಿನಲ್ಲಿ ಆರು ಲಕ್ಷ ನಮೂದುಗಳು, ಮೂರು ಸಾವಿರಕ್ಕೂ ಜಾಸ್ತಿ ಪುಟಗಳು. ಅಷ್ಟರಲ್ಲಿ ಓದಿದವರಿಗೆ ಗೊತ್ತಿಲ್ಲದ ವಿಜ್ಞಾನದ ಪದಗಳು ಸಾವಿರಾರು. ‘ಡಾರ್ಕಾಪ್ಸಿಸ್’ ಎಷ್ಟು ಜನಕ್ಕೆ ಗೊತ್ತಿತ್ತು ಹೇಳಿ? ಅದನ್ನು ನಂಬಿದವರು ಪಕ್ಕದ ‘ಡಾರ್ಡ್’ ಅನ್ನು ಯಾಕೆ ನಂಬಬಾರದು?

ನನಗೆ ಈ ಕಥೆಯಲ್ಲಿ ತುಂಬಾ ಹಿಡಿಸುವ ವಿಷಯ ಇದು. ಚೀಟಿಯನ್ನು ತಪ್ಪು ರಾಶಿಗೆ ಹಾಕಿದ್ದು ಬಿಟ್ಟರೆ ಮಿಕ್ಕ ಎಲ್ಲರೂ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಉಚ್ಚಾರಣೆ ಹಾಕುವವರು ಉಚ್ಚಾರಣೆ ಹಾಕಿದರು. ಅಚ್ಚಿಗೆ ಜೋಡಿಸುವವರು ಜೋಡಿಸಿದರು. ಕರಡು ತಿದ್ದುವವರು ಚೀಟಿಯಲ್ಲಿ ಇದ್ದದ್ದೇ ಅಚ್ಚಾಗಿದೆಯಾ ಅಂತ ನೋಡಿದರು, ಹಾಗೇ ಆಗಿತ್ತು. ಈ ಪದವನ್ನು ಯಾರು ಬಳಸಿದ್ದಾರೆ ಅಂತ ಕೇಳುವ ಕೆಲಸ ಮಾತ್ರ ಯಾರ ಪಾಲಿಗೂ ಬರಲಿಲ್ಲ.

ಕೊನೆಗೆ ಸಿಕ್ಕಿಬಿದ್ದದ್ದು ಹೇಗೆ?

1939ರ ಫೆಬ್ರವರಿ 28ರಂದು ಅದೇ ಕಂಪನಿಯ ಒಬ್ಬ ಸಂಪಾದಕರು ಆ ಪುಟ ನೋಡುತ್ತಿದ್ದರು. ‘ಡಾರ್ಡ್’ ಪಕ್ಕದಲ್ಲಿ ಪದಮೂಲ ಇರಲಿಲ್ಲ. ಲ್ಯಾಟಿನ್ನಿಂದ ಬಂತಾ, ಗ್ರೀಕಿನಿಂದ ಬಂತಾ, ಏನೂ ಇಲ್ಲ. ಅನುಮಾನ ಬಂದು ಕಡತ ತೆಗೆಸಿದರು. ಚೀಟಿಯಿಂದ ಚೀಟಿಗೆ ಹಿಂದೆ ಹೋದಾಗ ಪ್ಯಾಟರ್ಸನ್ ಅವರ ಮೂಲ ಚೀಟಿ ಕೈಗೆ ಬಂತು, ಗುಟ್ಟು ರಟ್ಟಾಯಿತು.

ಅಲ್ಲಿ ಇದ್ದ ಯಾವ ತಪ್ಪೂ ಈ ಪದವನ್ನು ಹಿಡಿದುಕೊಡಲಿಲ್ಲ, ಗಮನಿಸಿ. ಹಿಡಿದುಕೊಟ್ಟದ್ದು ಅಲ್ಲಿ ಇರಬೇಕಿದ್ದು ಇಲ್ಲದ ಒಂದು ಸಣ್ಣ ವಿವರ.

ತೆಗೆದಮೇಲೆ ಪುಟದಲ್ಲಿ ಜಾಗ ಖಾಲಿ ಉಳಿಯಲಿಲ್ವಾ?

ಒಳ್ಳೆ ಪ್ರಶ್ನೆ. ಆಗ ಅಚ್ಚು ಲೋಹದ ಫಲಕದಲ್ಲಿ. ಒಂದು ಸಾಲು ತೆಗೆದರೆ ಆ ಜಾಗ ತುಂಬಲೇಬೇಕು, ಇಲ್ಲದಿದ್ದರೆ ಇಡೀ ಅಂಕಣ ಹೊಸದಾಗಿ ಜೋಡಿಸಬೇಕು. ಫಲಕ ಬದಲಾಯಿಸಬೇಕು, ತುರ್ತು ಅಂತ ಮುದ್ರಕರಿಗೆ ಆದೇಶ ಹೋಯಿತು. ಜಾಗ ತುಂಬಲು ಅವರು ಮಾಡಿದ ಉಪಾಯ ನೋಡಿ. ಅಲ್ಲೇ ಹತ್ತಿರ ‘ಡೊರೆ ಫರ್ನೇಸ್’ ಅಂತ ಒಂದು ನಮೂದು ಇತ್ತು. ‘ಡೊರೆ ಗಟ್ಟಿಯನ್ನು ಶುದ್ಧಮಾಡುವ ಕುಲುಮೆ’ ಅಂತ ಅದರ ಅರ್ಥ. ಡೊರೆ ಗಟ್ಟಿ ಅಂದರೆ ಚಿನ್ನ, ಬೆಳ್ಳಿ ಬೆರೆತ ಇನ್ನೂ ಶುದ್ಧವಾಗದ ಲೋಹ. ಆ ವಾಕ್ಯವನ್ನು ‘ಯಾವ ಕುಲುಮೆಯಲ್ಲಿ ಡೊರೆ ಗಟ್ಟಿಯನ್ನು ಶುದ್ಧಮಾಡಲಾಗುತ್ತದೆಯೋ ಅಂಥ ಕುಲುಮೆ’ ಅನ್ನುವ ಹಾಗೆ ಎಳೆದು ಉದ್ದ ಮಾಡಿದರು. ಅರ್ಥದಲ್ಲಿ ಬದಲಾವಣೆ ಇಲ್ಲ, ಸಾಲು ತುಂಬಿತು. ಪತ್ರಿಕೆಯ ಪುಟ ಕಟ್ಟಿ ಗೊತ್ತಿದ್ದವರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು.

1940ರಿಂದ ‘ಡಾರ್ಡ್’ ಇಲ್ಲದ ಪ್ರತಿಗಳು ಬರತೊಡಗಿದವು. ಆದರೂ ಆಮೇಲಿನ ಕೆಲವು ವರ್ಷದ ಪ್ರತಿಗಳಲ್ಲೂ ಅದು ಕಂಡದ್ದುಂಟು.

ಇದೆಲ್ಲ ಹೊರಗಿನವರಿಗೆ ಗೊತ್ತಾದದ್ದು ಯಾವಾಗ?

1954ರಲ್ಲಿ. ಮೆರಿಯಮ್ ಕಂಪನಿಯವರೇ ಆದ ಫಿಲಿಪ್ ಗೋವ್ ‘ಅಮೆರಿಕನ್ ಸ್ಪೀಚ್’ ಎಂಬ ಪತ್ರಿಕೆಯಲ್ಲಿ ಇಡೀ ಕಥೆ ಬರೆದರು. 1961ರಲ್ಲಿ ಬಂದ ಮೂರನೇ ಆವೃತ್ತಿಗೆ ಪ್ರಧಾನ ಸಂಪಾದಕರು ಇವರೇ. ತಮ್ಮ ಮನೆಯ ತಪ್ಪನ್ನು ಮುಚ್ಚಿಡದೆ ಚೀಟಿ ಸಮೇತ ತೋರಿಸಿದ್ದು ದೊಡ್ಡತನವೇ ಸರಿ. ಕೊನೆಯಲ್ಲಿ ಒಂದು ಚೇಷ್ಟೆಯ ಮಾತನ್ನೂ ಸೇರಿಸಿದ್ದಾರೆ: ಪದ ಹೋದದ್ದು ಪಾಪವೇ, ‘ಡಾರ್ಡ್’ಗೆ ಸಾಂದ್ರತೆ ಅನ್ನುವ ಅರ್ಥ ಯಾಕಿರಬಾರದು ಅಂತ.

ಇಂಥ ಪದಗಳಿಗೆ ‘ಘೋಸ್ಟ್ ವರ್ಡ್’ ಅಂತ ಹೆಸರಿಟ್ಟವರು ಯಾರು?

ವಾಲ್ಟರ್ ಸ್ಕೀಟ್. ಇಂಗ್ಲಿಷ್ ಪದಮೂಲದ ದೊಡ್ಡ ವಿದ್ವಾಂಸ. 1886ರಲ್ಲಿ ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯ ಅಧ್ಯಕ್ಷರಾಗಿ ಮಾಡಿದ ಭಾಷಣದಲ್ಲಿ ಈ ಹೆಸರು ಕೊಟ್ಟರು. ಅಚ್ಚಿನ ತಪ್ಪು, ನಕಲು ಮಾಡಿದವರ ತಪ್ಪು, ಓದಿದವರ ತಪ್ಪು, ಇವುಗಳಿಂದ ಹುಟ್ಟಿ ನಿಜವಾದ ಬಳಕೆಯೇ ಇಲ್ಲದ ಪದಗಳು. ಕನ್ನಡದಲ್ಲಿ ಬೇಕಾದರೆ ದೆವ್ವಪದ ಅನ್ನೋಣ.

ಸ್ಕೀಟ್ ಕೊಟ್ಟ ಉದಾಹರಣೆಗಳಲ್ಲಿ ಒಂದು ನಮಗೆ ತುಂಬಾ ಹತ್ತಿರದ್ದು. 1808ರ ‘ಎಡಿನ್‌ಬರೋ ರಿವ್ಯೂ’ ಪತ್ರಿಕೆಯಲ್ಲಿ ಹಿಂದೂಗಳ ಆಚರಣೆಗಳ ಬಗ್ಗೆ ಒಂದು ಮಾತಿದೆ. ಕೆಲವರು ಕೊಕ್ಕೆಗೆ ಸಿಕ್ಕಿಸಿಕೊಂಡು ತೂಗಾಡುತ್ತಾರೆ, ಕೆಲವರು ಕೈಯೊಳಗೆ ‘ಕೈಮ್ಸ್’ ಚುಚ್ಚಿಕೊಳ್ಳುತ್ತಾರೆ ಅಂತ. ಈ ‘ಕೈಮ್ಸ್’ ಏನು? ಏನೋ ಭಯಂಕರ ಹಿಂಸೆಯ ಸಾಧನ ಇರಬೇಕು ಅನ್ನಿಸುತ್ತದೆ. ಅಸಲಿಗೆ ಅದು ‘ನೈವ್ಸ್’, ಅಂದರೆ ಚಾಕುಗಳು. ಅಚ್ಚಿನಲ್ಲಿ ‘ಎನ್’, ‘ಐ’, ‘ವಿ’ ಅಕ್ಷರಗಳು ಕಲಸಿಹೋಗಿದ್ದವು, ಅಷ್ಟೇ.

ಕರ್ನಾಟಕದವರಿಗೆ ಈ ಗೊಂದಲವೇ ಬರುತ್ತಿರಲಿಲ್ಲ. ಕೊಕ್ಕೆಗೆ ತೂಗುವುದು ನಮ್ಮ ಸಿಡಿ. ಚುಚ್ಚಿಕೊಳ್ಳುವುದು ಏನು ಅಂತ ವೀರಭದ್ರನ ಜಾತ್ರೆಯಲ್ಲಿ ಪುರವಂತರು ಶಸ್ತ್ರ ಹಾಕಿಕೊಳ್ಳುವುದನ್ನು ನೋಡಿದವರು ಯಾರಾದರೂ ಹೇಳಿಬಿಡುತ್ತಿದ್ದರು. ಪದ ಗೊತ್ತಿಲ್ಲದಿದ್ದರೂ ವಸ್ತು ಗೊತ್ತಿದ್ದರೆ ತಪ್ಪು ಬೇಗ ಹಿಡಿಯಬಹುದು. ಕರಡು ತಿದ್ದಿದವರಿಗೆ ಎರಡೂ ಗೊತ್ತಿರಲಿಲ್ಲ.

ಪದಕ್ಕೆ ಹೇಳಿದ ಮೂಲ ಅರ್ಥಕ್ಕೆ ಚೆನ್ನಾಗಿ ಹೊಂದಿದರೆ ಅದು ಸರಿ ಇರಬೇಕಲ್ವಾ?

ಖಂಡಿತ ಇಲ್ಲ. ಇದೇ ಎಲ್ಲರೂ ಬೀಳುವ ಹಳ್ಳ. ಇದಕ್ಕೆ ‘ಮೋರ್ಸ್’ ಪದದ ಕಥೆಗಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ.

ವಾಲ್ಟರ್ ಸ್ಕಾಟ್ 1820ರಲ್ಲಿ ‘ದಿ ಮೊನಾಸ್ಟರಿ’ ಎಂಬ ಕಾದಂಬರಿ ಬರೆದ. ಅದರಲ್ಲಿ ಒಂದು ಕಡೆ, ಈಗಷ್ಟೇ ಸಾವಿನಿಂದ ಪಾರಾಗಿ ಇಷ್ಟು ಬೇಗ ಕೊಲೆಯ ಯೋಚನೆಗಳನ್ನು ‘ಮೋರ್ಸ್’ ಮಾಡುತ್ತೀಯಾ ಅನ್ನುವ ಮಾತು ಬರುತ್ತದೆ. ಇಂಥ ಕ್ರಿಯಾಪದ ಯಾರಿಗೂ ಗೊತ್ತಿರಲಿಲ್ಲ. ವಿದ್ವಾಂಸರ ಪತ್ರಿಕೆಯೊಂದರಲ್ಲಿ ಚರ್ಚೆ ಎದ್ದಿತು. ಒಬ್ಬರು ಅಂದರು: ಇದು ಹಳೆ ಫ್ರೆಂಚಿನದು, ಬಂದೂಕಿನ ಕಿವಿಗೆ ಹಾಕುವ ಮದ್ದಿಗೆ ಅಲ್ಲಿ ‘ಅಮೋರ್ಸ್’ ಅನ್ನುತ್ತಾರೆ, ಹಾಗಾಗಿ ಕೊಲೆಯ ಯೋಚನೆಗೆ ಮದ್ದು ತುಂಬುವುದು ಅಂತ ಅರ್ಥ. ಇನ್ನೊಬ್ಬರು ಅಂದರು: ಅಲ್ಲ, ಇದು ಕಚ್ಚು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು, ಕಚ್ಚುವ, ಕೊರೆಯುವ ಯೋಚನೆಗಳಲ್ಲಿ ಮುಳುಗುವುದು ಅಂತ ಅರ್ಥ. ಅಚ್ಚಿನ ತಪ್ಪು ಇರಬಹುದಲ್ಲ? ಸಾಧ್ಯವೇ ಇಲ್ಲ ಅಂದರು ಇವರು, ಲಕ್ಷಾಂತರ ಜನ ಐವತ್ತು ವರ್ಷ ಓದಿದ ಪುಸ್ತಕದಲ್ಲಿ ಅದನ್ನು ಯಾರೂ ಹಿಡಿಯದೆ ಇರುತ್ತಾರಾ ಅಂತ.

ಆಮೇಲೆ ಸ್ಕಾಟನ ಕೈಬರಹದ ಪ್ರತಿ ತೆಗೆದು ನೋಡಿದರು. ಅಲ್ಲಿ ಇದ್ದದ್ದು ‘ನರ್ಸ್’. ಕೊಲೆಯ ಯೋಚನೆಗಳನ್ನು ಮನಸ್ಸಿನಲ್ಲಿ ಸಾಕುವುದು. ಅಷ್ಟೇ! ಎರಡು ವಿದ್ವತ್ಪೂರ್ಣ ವಿವರಣೆ, ಎರಡೂ ಅರ್ಥಕ್ಕೆ ಚೆನ್ನಾಗಿ ಕೂಡಿಬಂದವು, ಎರಡೂ ಸುಳ್ಳು. ಜಾಣರು ಮನಸ್ಸು ಮಾಡಿದರೆ ಯಾವ ಅಕ್ಷರಗಳ ಗುಂಪಿಗೂ ಒಂದು ಮೂಲ ಹುಡುಕಿಕೊಡಬಲ್ಲರು.

ಬೇರೆ ದೆವ್ವಪದಗಳು ಯಾವುವು?

ಬೇಕಾದಷ್ಟಿವೆ. ಎರಡನ್ನು ಮಾತ್ರ ಹೇಳುತ್ತೇನೆ.

‘ಅಬಕಾಟ್’: ಇಂಗ್ಲೆಂಡಿನ ರಾಜರು ಹಾಕಿಕೊಳ್ಳುತ್ತಿದ್ದ, ಎರಡು ಕಿರೀಟದ ಆಕಾರದ ಟೋಪಿ ಅಂತ ಹಳೆ ನಿಘಂಟುಗಳು ಒಂದರಿಂದ ಒಂದು ನಕಲು ಮಾಡಿಕೊಂಡು ಬಂದವು. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸಂಪಾದಕ ಜೇಮ್ಸ್ ಮರ್ರೆ 1882ರಲ್ಲಿ ಇದರ ಬಂಡವಾಳ ಬಯಲು ಮಾಡಿದರು. ಮೂಲ ಪದ ‘ಬೈಕಾಕೆಟ್’, ಒಂದು ಬಗೆಯ ಟೋಪಿ. ಹಿಂದಿನ ‘ಎ’ ಅದಕ್ಕೆ ಅಂಟಿಕೊಂಡು, ಹದಿನಾರನೇ ಶತಮಾನದ ಇತಿಹಾಸದ ಪುಸ್ತಕಗಳಲ್ಲಿ ಕೈಯಿಂದ ಕೈಗೆ ಕೆಡುತ್ತಾ ಹೋಗಿ ‘ಅಬಕಾಟ್’ ಆಗಿತ್ತು.

‘ಫ್ಯಾಂಟಮ್‌ನೇಷನ್’: ಕವಿ ಅಲೆಕ್ಸಾಂಡರ್ ಪೋಪ್ ಬರೆದದ್ದು ಸತ್ತವರ ‘ಫ್ಯಾಂಟಮ್ ನೇಷನ್ಸ್’, ಅಂದರೆ ಪ್ರೇತಗಳ ಸಮೂಹಗಳು, ನಡುವೆ ಅಡ್ಡಗೆರೆ ಇಟ್ಟು. ಯಾರೋ ಗೆರೆ ಕಿತ್ತು ಒಂದೇ ಪದ ಮಾಡಿದರು. ಅದಕ್ಕೆ ‘ಭ್ರಮೆ’ ಅಂತ ಅರ್ಥ ಕೊಟ್ಟು, ಪೋಪ್ ಬಳಸಿದ ಅಪರೂಪದ ಪದ ಅಂತ ವೆಬ್‌ಸ್ಟರ್ ನಿಘಂಟು 1864ರಲ್ಲಿ ಸೇರಿಸಿಕೊಂಡಿತು. ಪ್ರೇತದ ಹೆಸರಲ್ಲೇ ಪ್ರೇತಪದ!

ತಪ್ಪಿನಿಂದ ಹುಟ್ಟಿಯೂ ಬದುಕಿ ಉಳಿದ ಪದ ಇದೆಯಾ?

ಇದೆ, ನೀವು ದಿನಾ ಬಳಸುತ್ತೀರಿ: ಸಿಲೆಬಸ್. ರೋಮಿನ ಸಿಸೆರೊ ತನ್ನ ಗೆಳೆಯ ಆಟಿಕಸ್‌ಗೆ ಬರೆದ ಪತ್ರಗಳಲ್ಲಿ ‘ಸಿಟ್ಟಿಬಾಸ್’ ಎಂಬ ಗ್ರೀಕ್ ಪದವನ್ನು ಬಳಸಿದ್ದ. ಸುರುಳಿ ಪುಸ್ತಕಕ್ಕೆ ಅಂಟಿಸುವ ಹೆಸರಿನ ಚೀಟಿ ಅಂತ ಅರ್ಥ. ಹದಿನೈದನೇ ಶತಮಾನದಲ್ಲಿ ಆ ಪತ್ರಗಳು ಅಚ್ಚಾದಾಗ ಅದು ‘ಸಿಲ್ಲಬೋಸ್’ ಆಯಿತು. ಅದರಿಂದ ‘ಸಿಲ್ಲಬಸ್’. ಆಮೇಲೆ ಅದಕ್ಕೊಂದು ಗ್ರೀಕ್ ಧಾತುವನ್ನೂ ಜೋಡಿಸಿದರು, ‘ಒಟ್ಟುಗೂಡಿಸು’ ಅಂತ. ಪರೀಕ್ಷೆ ಹತ್ತಿರ ಬಂದರೂ ಸಿಲೆಬಸ್ ಮುಗಿದಿಲ್ಲ ಅಂತ ನಮ್ಮ ಮೇಷ್ಟ್ರುಗಳು ಗೋಳಾಡುವುದು ಈ ಮುದ್ರಣದೋಷದ ಬಗ್ಗೆಯೇ.

‘ಜೆನಿತ್’ ಕೂಡ ಇದೇ ಜಾತಿ. ನೆತ್ತಿಯ ಮೇಲಿನ ಬಿಂದುವಿಗೆ ಅರಬ್ಬಿಯಲ್ಲಿ ಬಳಸುತ್ತಿದ್ದದ್ದು ‘ಸಮ್ತ್’. ಲ್ಯಾಟಿನ್ ನಕಲುಗಾರರ ಕೈಬರಹದಲ್ಲಿ ‘ಎಂ’ ಅಂದರೆ ಮೂರು ಕಡ್ಡಿ. ಅದನ್ನು ‘ಎನ್’ ಮತ್ತು ‘ಐ’ ಅಂತ ಓದಿದರೆ ‘ಸೆನಿತ್’.

‘ಡಾರ್ಡ್’ಗೂ ಇವಕ್ಕೂ ಇರುವ ವ್ಯತ್ಯಾಸ ಒಂದೇ. ಇವನ್ನು ಜನ ಬಾಯಲ್ಲಿ ಆಡಿದರು, ಅದನ್ನು ಆಡಲಿಲ್ಲ.

ಬೇಕಂತಲೇ ಸುಳ್ಳು ಪದ ಸೇರಿಸಿದ್ದೂ ಉಂಟಾ?

ಉಂಟು. 2001ರ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ಡಿಕ್ಷನರಿಯಲ್ಲಿ ‘ಎಸ್ಕ್ವಿವೇಲಿಯನ್ಸ್’ ಅಂತ ಒಂದು ಪದ ಹಾಕಿದ್ದರು. ಕೆಲಸದ ಜವಾಬ್ದಾರಿಯಿಂದ ಬೇಕೆಂದೇ ನುಣುಚಿಕೊಳ್ಳುವುದು ಅಂತ ಅರ್ಥ. ಫ್ರೆಂಚಿನಿಂದ ಬಂದಿರಬಹುದು ಅಂತ ಪದಮೂಲವನ್ನೂ ಕಟ್ಟಿದ್ದರು. ಬೇರೆಯವರು ತಮ್ಮ ನಿಘಂಟನ್ನು ಕದ್ದು ನಕಲು ಮಾಡಿದರೆ ಈ ಪದವೂ ಅಲ್ಲಿಗೆ ಹೋಗುತ್ತದೆ, ಆಗ ಹಿಡಿಯಬಹುದು ಅಂತ ಲೆಕ್ಕಾಚಾರ. 2005ರಲ್ಲಿ ಗುಟ್ಟು ಹೊರಬಿತ್ತು. ಇಂಥ ಬೋನುಗಳಿಗೆ ‘ಮೌಂಟ್‌ವೀಝಲ್’ ಅಂತ ಹೆಸರು. 1975ರ ನ್ಯೂ ಕೊಲಂಬಿಯಾ ಎನ್‌ಸೈಕ್ಲೋಪೀಡಿಯದಲ್ಲಿ ಆ ಹೆಸರಿನ, ಇಲ್ಲವೇ ಇಲ್ಲದ ಫೋಟೊಗ್ರಾಫರ್ ಒಬ್ಬಳ ಜೀವನಚರಿತ್ರೆ ಇತ್ತು.

ಕನ್ನಡದಲ್ಲೂ ಹೀಗೆ ಆಗುತ್ತಾ?

ಹಳಗನ್ನಡ ಓದಿದವರಿಗೆ ಈ ತಲೆನೋವು ಗೊತ್ತು. ಓಲೆಗರಿಯಲ್ಲಿ ಪದಗಳ ನಡುವೆ ಜಾಗವೇ ಬಿಡುತ್ತಿರಲಿಲ್ಲ. ಎಲ್ಲಿ ಒಡೆಯಬೇಕು ಅನ್ನುವುದು ಓದುವವರ ಮೇಲೆ. ತಪ್ಪು ಕಡೆ ಒಡೆದರೆ ಇಲ್ಲದ ಪದ ಎದ್ದು ಬರುತ್ತದೆ. ಅದಕ್ಕೇ ಗ್ರಂಥಸಂಪಾದನೆ ಮಾಡುವವರು ಹಲವು ಪ್ರತಿ ಇಟ್ಟುಕೊಂಡು ಪಾಠಾಂತರ ನೋಡುವುದು. ‘ಡಾರ್ಡ್’ ಪ್ರಸಂಗ ಇದಕ್ಕೆ ಉಲ್ಟಾ: ಅಲ್ಲಿ ಜಾಗ ಇತ್ತು, ಓದಿದವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನನಗೊಂದು ವಿಚಿತ್ರ ಇಂಗ್ಲಿಷ್ ಪದ ಸಿಕ್ಕಿದೆ. ಮೂಲ ಹುಡುಕುವುದು ಹೇಗೆ?

ಮೊದಲು ಅರ್ಥದ ಕಡೆ ಹೋಗಬೇಡಿ, ತಾರೀಖಿನ ಕಡೆ ಹೋಗಿ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯಲ್ಲಿ ಪ್ರತಿ ಅರ್ಥದ ಕೆಳಗೆ ಹಳೆಯದರಿಂದ ಶುರುಮಾಡಿ ಬಳಕೆಯ ಸಾಲುಗಳನ್ನು ವರ್ಷ ಸಮೇತ ಕೊಟ್ಟಿರುತ್ತಾರೆ. ಮೊದಲ ಬಳಕೆ ಯಾವ ವರ್ಷ? ಯಾರು ಬರೆದದ್ದು? ಎಲ್ಲಿ? ಆಮೇಲೆ ಬೇರೆ ಬೇರೆ ಜನ ಅದನ್ನು ಬಳಸಿದ್ದಾರಾ ಅಥವಾ ಎಲ್ಲರೂ ಒಂದೇ ನಿಘಂಟನ್ನು ತೋರಿಸುತ್ತಿದ್ದಾರಾ? ಹತ್ತು ನಿಘಂಟು ಒಂದನ್ನೊಂದು ನಕಲು ಮಾಡಿದ್ದರೆ ಅದು ಹತ್ತು ಸಾಕ್ಷಿ ಅಲ್ಲ, ಒಂದೇ.

ಎರಡನೆಯದು, ಮೊದಲಕ್ಷರ ಕೂಡಿಸಿ ಪದ ಆಯಿತು ಅನ್ನುವ ಕಥೆಗಳನ್ನು ಕೂಡಲೇ ನಂಬಬೇಡಿ. ‘ನ್ಯೂಸ್’ ಅಂದರೆ ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣ ದಿಕ್ಕುಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ ಅಂತ ನಮ್ಮ ಶಾಲೆಗಳ ಕ್ವಿಜ್‌ನಲ್ಲಿ ಈಗಲೂ ಹೇಳಿಕೊಡುತ್ತಾರೆ. ಸುಳ್ಳು. ಹೊಸತು ಅನ್ನುವ ‘ನ್ಯೂ’ ಪದದ ಬಹುವಚನ ಅದು, ಹೊಸ ಸಂಗತಿಗಳು. ‘ಪಾಶ್’ ಕಥೆಯೂ ಹಾಗೇ. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬರುವ ಹಡಗಿನಲ್ಲಿ ಸಾಹುಕಾರರು ಬರುವಾಗ ಎಡಗಡೆ, ಹೋಗುವಾಗ ಬಲಗಡೆ, ಬಿಸಿಲು ಬೀಳದ ಕೋಣೆ ತೆಗೆದುಕೊಳ್ಳುತ್ತಿದ್ದರಂತೆ, ಟಿಕೆಟ್ ಮೇಲೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಅನ್ನುವುದರ ನಾಲ್ಕು ಮೊದಲಕ್ಷರ ಒತ್ತುತ್ತಿದ್ದರಂತೆ. ಕೇಳಲು ಬಹಳ ಚೆಂದ. ಅಂಥ ಒಂದು ಟಿಕೆಟ್ ಕೂಡ ಇವತ್ತಿನವರೆಗೆ ಸಿಕ್ಕಿಲ್ಲ.

ಪುರಾವೆ ಸಿಗದಿದ್ದರೆ ‘ಮೂಲ ತಿಳಿಯದು’ ಅಂತ ಬರೆದಿಡಿ. ಒಳ್ಳೆ ನಿಘಂಟುಗಳು ಧಾರಾಳವಾಗಿ ಹಾಗೆ ಬರೆಯುತ್ತವೆ.

‘ಡಾರ್ಡ್’ ಇರುವ ಪ್ರತಿಯನ್ನು ಗುರುತು ಹಿಡಿಯುವುದು ಹೇಗೆ?

ಹಳೇ ಗ್ರಂಥಾಲಯದಲ್ಲೋ, ಹಳೇ ಪುಸ್ತಕದ ಅಂಗಡಿಯಲ್ಲೋ ಎರಡನೇ ಆವೃತ್ತಿ ಸಿಕ್ಕರೆ ಮೊದಲು ಮುಖಪುಟದ ಹಿಂಬದಿಯಲ್ಲಿ ಅಚ್ಚಾದ ವರ್ಷ ನೋಡಿ. 1934ರಿಂದ 1939ರವರೆಗಿನದಾದರೆ ಪದ ಇರುತ್ತದೆ. 1940ರ ದಶಕದ್ದಾದರೆ ಇರಲೂಬಹುದು, ಇಲ್ಲದೆಯೂ ಇರಬಹುದು. ಎರಡೂ ಕೈಯಲ್ಲಿ ಎತ್ತಬೇಕಾದಷ್ಟು ಭಾರದ ಪುಸ್ತಕ, ಮೇಜಿನ ಮೇಲಿಟ್ಟೇ ತೆರೆಯಿರಿ. 771ನೇ ಪುಟದಲ್ಲಿ ಪದ ಕಾಣದಿದ್ದರೆ ಕುಲುಮೆಯ ನಮೂದು ಓದಿ ನೋಡಿ. ವಾಕ್ಯ ಸುಮ್ನೆ ಉದ್ದ ಆಗಿದ್ದರೆ ಅದು ತಿದ್ದಿದ ಪ್ರತಿ.